ಕಾಲುವೆ ಏರಿಯ ಕೆಳಗೆ

ಮಂಗಳೂರು, ತಾ. ಯಲಬುರ್ಗಾ
12-7-1998

ನಾಗಣ್ಣನಿಗೆ ತಂಗಿ ಮಹೇಶ್ವರಿಯ ನಮಸ್ಕಾರಗಳು.

ಅವ್ವ ಆರಾಮಾಗಿದ್ದಾಳೆ. ಎಮ್ಮೆ ಕರು ಹಾಕಿದೆ. ನಾನು ಮಾತ್ರ ಆರಾಮಾಗಿಲ್ಲ.

ನಮ್ಮ ಓಣಿಯ ಹೆಣ್ಣುಮಕ್ಕಳು ಪಂಚಮಿ ಮುಗಿಸಿ ನೆಲ್ಲು ಹಚ್ಚಲು ಕಾರಟಗಿ ಕಡೆ ಹೋಗುವುದು ನಿನಗೆ ಗೊತ್ತು. ಪ್ರತಿ ವರ್ಷ ಶಂಕ್ರಮ್ಮ ಗುಂಪಿನ ಮುಂದಾಳು. ಈ ಸಲ ಅವಳು ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಹೊಲದ ಯಜಮಾನನ ಕಡೆಯಿಂದ ಬಾಲಪ್ಪ ಬಂದು, ಈ ವರ್ಷ ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದ. ಆಗ ಹೊಳಿಯಮ್ಮ, "ಮಹೇಶ್ವರಿ ನಾಕನೇ ಕ್ಲಾಸ ಓದ್ಯಾಳ. ಅಕಿ ಆಗಲಿ ಬಿಡು. ಬಾಯಿ ಇಲ್ಲ, ಜಗಳ ಆಗಂಗಿಲ್ಲ" ಅಂದಳು. ಅದು ಚೇಷ್ಟೆ. ಎಲ್ಲರೂ ನಕ್ಕರು. ನಾನು ತಲೆ ಕೆಳಗೆ ಹಾಕಿ ನಿಂತಿದ್ದೆ. ತಲೆ ಎತ್ತುವಷ್ಟರಲ್ಲಿ ಬಾಲಪ್ಪ ನನ್ನ ಹೆಸರು ಬರೆದುಕೊಂಡಾಗಿತ್ತು.

ಶಂಕ್ರಮ್ಮನ ಹತ್ತಿರ ಹೋಗಿ, ಮುಂದಾಳು ಏನು ಮಾಡಬೇಕು ಎಂದು ಕೇಳಿದೆ. ಹಾಸಿಗೆಯ ಮೇಲಿಂದಲೇ ಹೇಳಿದಳು: "ಒಯ್ದಷ್ಟು ಮಂದಿನ್ನ ಹೊಳ್ಳಿ ತರಬೇಕವಾ. ಉಳಿದದ್ದೆಲ್ಲಾ ಆಮ್ಯಾಗ."

ನನ್ನನ್ನು ಬಿಟ್ಟು ಹತ್ತೊಂಬತ್ತು ಜನ. ದಾನೇಶ್ವರಿಯ ಕೂಸು ಅಂಜಲಿ ಬೇರೆ. ಒಬ್ಬಳಿಗೆ ಏನಾದರೂ ಆದರೆ ನಾನು ಯಾವ ಮುಖ ಹೊತ್ತು ಈ ಓಣಿಗೆ ಬರಲಿ? ನೀನು ಇರುವ ಕೇಂದ್ರದಲ್ಲಿ ಮಂದಿಯನ್ನು ನಡೆಸುವುದು ಹೇಗೆ ಎಂದು ಅಧಿಕಾರಿಗಳಿಗೆ ಕಲಿಸುತ್ತಾರೆ ಎಂದು ನೀನೇ ಹೇಳಿದ್ದೆ. ಅಲ್ಲಿ ಕೇಳಿ ನನಗೂ ಬರೆ. ಬೇಗ ಬರೆ.

ಮಹೇಶ್ವರಿ


ಪುಣೆ
19-7-1998

ತಂಗಿ ಮಹೇಶ್ವರಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಹೆಮ್ಮೆ ಆಯಿತು. ನಮ್ಮ ಮನೆತನದಲ್ಲಿ ಇಪ್ಪತ್ತು ಜನರ ಮುಂದೆ ನಿಂತವರು ಯಾರಿದ್ದಾರೆ ಹೇಳು.

ಇಲ್ಲಿಗೆ ಕಾರ್ಖಾನೆಗಳಿಂದ ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಾರೆ. ಪಾಠ ಮಾಡುವ ಸಾಹೇಬರು ಬರೀ ಲೆಕ್ಕ, ನಿಯಮ ಹೇಳುವುದಿಲ್ಲ. ಹಿಂದಿನ ರಾಜರ, ದೊಡ್ಡವರ ಕಥೆ ಹೇಳಿ ಅದರಿಂದ ಪಾಠ ತೆಗೆಯುತ್ತಾರೆ. ದಿನಾ ನನ್ನ ಕಿವಿಗೆ ಬೀಳುವುದು ಇದೇ. ನಿನಗೆ ಬೇಕಾದ ಎರಡನ್ನು ಬರೆಯುತ್ತೇನೆ.

ಒಂದು, ವಿಶ್ವೇಶ್ವರಯ್ಯನವರದು. ಯಾವ ಕೆಲಸಕ್ಕೂ ಅವರು ಮೊದಲೇ ಯೋಜನೆ ಹಾಕದೆ ಕೈ ಹಚ್ಚುತ್ತಿರಲಿಲ್ಲ. ಆದ್ದರಿಂದ ನೀನು ನಾಳೆಯ ಕೆಲಸವನ್ನು ಇವತ್ತು ಸಂಜೆಯೇ ಹಂಚಿಬಿಡು. ಸಸಿ ಕೀಳುವವರು ಯಾರು, ಕಟ್ಟು ಒಯ್ಯುವವರು ಯಾರು, ಹಚ್ಚುವವರು ಯಾರು, ಎಲ್ಲವನ್ನೂ ಹೇಳಿಬಿಡು. ಬೆಳಗ್ಗೆ ಜಗಳಕ್ಕೆ ಜಾಗ ಇರುವುದಿಲ್ಲ.

ಎರಡು, ಕೃಷ್ಣದೇವರಾಯರದು. ರಾಯಚೂರಿನ ಯುದ್ಧದಲ್ಲಿ ಮುಂದಿನ ದಂಡು ಚದುರಿ ಓಡಿತು. ಪಕ್ಕದವರು, ಜೀವ ಉಳಿಸಿಕೊಳ್ಳಿ ಅಂದರು. ರಾಯರು ಹಿಂದೆ ತಿರುಗಲಿಲ್ಲ. ಬೆರಳಿನ ಉಂಗುರ ತೆಗೆದು ಸೇವಕನ ಕೈಗೆ ಕೊಟ್ಟು, ನಾನು ಸತ್ತರೆ ರಾಣಿಯರಿಗೆ ಇದನ್ನು ತೋರಿಸು ಎಂದು ಹೇಳಿ ಕುದುರೆಯನ್ನು ಮುಂದಕ್ಕೆ ಬಿಟ್ಟರು. ಅದನ್ನು ನೋಡಿ ದಂಡು ಹಿಂದೆ ಬಂತು. ಮುಂದಾಳು ಹೆದರಿಕೆಯನ್ನು ಮುಖದಲ್ಲಿ ತೋರಿಸಬಾರದು. ಇಷ್ಟು ನೆನಪಿಡು, ಸಾಕು.

ನಾನು ಚೆನ್ನಾಗಿದ್ದೇನೆ. ಕೆಲಸ ಬಹಳ.

ನಾಗೇಶ


ಕಾರಟಗಿ ಹತ್ತಿರದ ಕ್ಯಾಂಪು
2-8-1998

ಅಣ್ಣಾ,

ನಿನ್ನ ಕಾಗದ ನಾವು ಹೊರಡುವ ಹಿಂದಿನ ದಿನ ಸಿಕ್ಕಿತು. ನೀನು ಜಿಲ್ಲೆ ರಾಯಚೂರು ಎಂದು ಬರೆದಿದ್ದೀಯ. ಕಾಗದ ಅಲ್ಲಿಗೆ ಹೋಗಿ ತಿರುಗಾಡಿ ಬಂದಿದೆ. ನಮ್ಮದು ಈಗ ಕೊಪ್ಪಳ ಜಿಲ್ಲೆ, ಒಂದು ವರ್ಷ ಆಗುತ್ತಾ ಬಂತು. ಇಲ್ಲಿಗೆ ಬರೆದರೆ ಗವಿಸಿದ್ದಪ್ಪನ ಕಿರಾಣಿ ಅಂಗಡಿ ಎಂದು ಹಾಕು. ಕ್ಯಾಂಪಿಗೆ ಅದೊಂದೇ ಅಂಗಡಿ.

ಕ್ಯಾಂಪು ಎಂದರೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು, ನಮ್ಮ ಯಜಮಾನನೂ ಆ ಕಡೆಯವನು. ನಮಗೆ ಗೊಬ್ಬರದ ಚೀಲ ಇಡುವ ಶೆಡ್ಡು ಬಿಟ್ಟುಕೊಟ್ಟಿದ್ದಾನೆ. ಕಲ್ಲು ಮಣ್ಣಿನ ಗೋಡೆ, ಮೇಲೆ ತಗಡು. ಹಿಂದಿನ ಗೋಡೆಗೆ ಹತ್ತಿಕೊಂಡೇ ಕಾಲುವೆಯ ಏರಿ. ಏರಿ ಶೆಡ್ಡಿಗಿಂತ ಎತ್ತರ. ನಮ್ಮೂರಲ್ಲಿ ನೀರು ನೋಡಬೇಕಾದರೆ ಬಾವಿಗೆ ಬಗ್ಗಬೇಕು. ಇಲ್ಲಿ ತಲೆ ಎತ್ತಬೇಕು. ಮಲಗಿದರೆ ನೀರು ನಮ್ಮ ತಲೆಯ ಮೇಲೆ ಹರಿಯುತ್ತಿರುತ್ತದೆ, ಸದ್ದು ಕೇಳುತ್ತದೆ. ಎಲ್ಲರೂ ನಿದ್ದೆ ಮಾಡುತ್ತಾರೆ. ನನಗೆ ಬರುವುದಿಲ್ಲ.

ನೀನು ಹೇಳಿದ ಹಾಗೆ ಸಂಜೆಯೇ ಕೆಲಸ ಹಂಚಿದೆ. ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಹೇಳಿದೆ, ಆದರೂ ದನಿ ಹೊರಗೆ ಬರಲಿಲ್ಲ. ಹೊಳಿಯಮ್ಮ, "ಜೋರ ಹೇಳ, ಗುಬ್ಬಿ ಮಾತಾಡಿದಂಗ ಕೇಳಾಕತ್ತೈತಿ" ಅಂದಳು. ಆದರೂ ಮಾರನೆಯ ದಿನ ಕೆಲಸ ಸುಸೂತ್ರ ನಡೆಯಿತು. ಶಂಕ್ರಮ್ಮನ ಕಾಲದಲ್ಲಿ ಬೆಳಗ್ಗೆ ಒಂದು ತಾಸು ಜಗಳಕ್ಕೇ ಹೋಗುತ್ತಿತ್ತಂತೆ. ಇದನ್ನು ಸಾಹೇಬರಿಗೆ ಹೇಳು.

ಕೃಷ್ಣದೇವರಾಯರ ಕಥೆಯನ್ನೂ ರೊಟ್ಟಿ ತಿನ್ನುವಾಗ ಹೇಳಿದೆ.

"ಅವಗ ಕುದ್ರಿ ಇತ್ತು" ಅಂದಳು ಹೊಳಿಯಮ್ಮ. "ನಮಗ ಸೊಂಟ ಐತಿ. ಅದೂ ಸರಿ ಇಲ್ಲ."

"ಅಲ್ಲ ಚಿಗವ್ವಾ, ಹಿಂದ ಸರೀಲಿಲ್ಲಂತ ಅವರು" ಅಂದೆ.

"ಹಿಂದ ಸರೀದಿದ್ರ ನೆಲ್ಲು ಹ್ಯಾಂಗ ಹಚ್ಚತಿ? ದಿನಾ ಪೂರ್ತಿ ಹಿಂದಕ್ಕ ನಡಿಯೋರು ನಾವು. ಮುಂದ ಹೋದ್ರ ಹಚ್ಚಿದ ಸಸಿ ತುಳೀತಿ, ಹುಚ್ಚಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇನ್ನೊಂದು ಮಾತು. ಹಿಂದಿನ ಗೋಡೆಯ ಬುಡ ಒದ್ದೆ ಇದೆ. ಬಂದ ದಿನ ರೊಟ್ಟಿಯಷ್ಟು ಅಗಲ ಇತ್ತು, ಈಗ ಚಾಪೆಯಷ್ಟಾಗಿದೆ. ಕಾಲುವೆ ಕಾಯುವ ನೂರಸಾಬನನ್ನು ಕರೆದು ತೋರಿಸಿದೆ. "ಕೆನಾಲ್ ಪಕ್ಕದಾಗ ಒದ್ದಿ ಇರದ ಒಣಗಿರ್ತೈತೇನವ್ವ?" ಅಂದು ಬೀಡಿ ಹಚ್ಚಿಕೊಂಡು ಹೋದ.

ಹೆದರಿಕೆಯನ್ನು ಮುಖದಲ್ಲಿ ತೋರಿಸಬಾರದು ಎಂದು ನೀನು ಬರೆದೆ. ತೋರಿಸುತ್ತಿಲ್ಲ. ಆದರೆ ಆ ರಾಜರಿಗೆ ಹೆದರಿಕೆ ಆದಾಗ ಒಳಗೊಳಗೆ ಏನು ಮಾಡುತ್ತಿದ್ದರು? ಅದನ್ನು ಕೇಳಿ ಬರೆ.

ಮಹೇಶ್ವರಿ


ಪುಣೆ
7-8-1998

ತಂಗಿ ಮಹೇಶ್ವರಿಗೆ,

ನಿನಗೆ ಊರು ಬಿಟ್ಟು ಅಭ್ಯಾಸ ಇಲ್ಲ, ಅದಕ್ಕೇ ಹೀಗೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ರೈಲಿನ ಸದ್ದಿಗೆ ಎದ್ದು ಕೂರುತ್ತಿದ್ದೆ. ಈಗ ಆ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಗೋಡೆ ಒದ್ದೆ ಎಂದು ಇಷ್ಟು ತಲೆ ಕೆಡಿಸಿಕೊಳ್ಳಬೇಡ. ಮಳೆಗಾಲದಲ್ಲಿ ನನ್ನ ಕೋಣೆಯ ಗೋಡೆಯೂ ಒದ್ದೆಯೇ.

ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ನಿನ್ನೆಯ ಪಾಠದಲ್ಲೇ ಇತ್ತು. ಶಿವಾಜಿ ಮಹಾರಾಜರು ಪನ್ಹಾಳ ಕೋಟೆಯಲ್ಲಿದ್ದರು. ಸಿದ್ದಿ ಜೌಹರ ದೊಡ್ಡ ದಂಡು ತಂದು ಸುತ್ತಲೂ ಮುತ್ತಿಗೆ ಹಾಕಿದ. ಒಳಗೆ ಕಾಳು ಕಡಿಮೆ, ಹೊರಗೆ ವೈರಿಯ ಫಿರಂಗಿ. ಮೇಲೆ ಮಳೆಗಾಲ. ಮಹಾರಾಜರು ಹೆದರಿದರೇ? ನಾಲ್ಕು ತಿಂಗಳು ಕೋಟೆಯ ಒಳಗೇ ಕೂತರು. ನಾಲ್ಕು ತಿಂಗಳು! ಸಾಹೇಬರು ಮೇಜು ಬಡಿದು ಹೇಳಿದರು, ತಾಳ್ಮೆಯೇ ದೊಡ್ಡ ಆಯುಧ ಎಂದು. ಅಧಿಕಾರಿಗಳೆಲ್ಲ ಬರೆದುಕೊಂಡರು. ಅಷ್ಟರಲ್ಲಿ ನನಗೆ ಬೇರೆ ಕೆಲಸ ಬಂತು, ಎದ್ದು ಹೋದೆ. ಆದರೆ ಪಾಠ ತಿಳಿಯಿತಲ್ಲ.

ನೀನೂ ನಿನ್ನ ಕೋಟೆ ಬಿಡಬೇಡ. ಕೆಲಸ ಮುಗಿಯುವ ತನಕ ಕೂರು. ನಡುವೆ ಎದ್ದು ಬಂದ ಗುಂಪನ್ನು ಮುಂದಿನ ವರ್ಷ ಯಾವ ರೈತ ಕರೆಯುತ್ತಾನೆ? ಅವ್ವನಿಗೆ ಮಾತ್ರ ಹೆದರಿಕೆಯ ಸುದ್ದಿ ಬರೆಯಬೇಡ.

ನಾಗೇಶ


ಕ್ಯಾಂಪು
13-8-1998

ಅಣ್ಣಾ,

ನಿನ್ನ ಕಾಗದ ನಿನ್ನೆ ಬಂತು. ನೀನು ಹೇಳಿದ ಹಾಗೆ ಕೋಟೆ ಬಿಟ್ಟಿಲ್ಲ. ಆದರೆ ಇದನ್ನು ನಿನ್ನ ಹೊರತು ಯಾರಿಗೂ ಹೇಳಿಲ್ಲ, ಓದಿ ಹರಿದುಬಿಡು.

ಗೋಡೆಯ ಬುಡದಲ್ಲಿ ಈಗ ಒದ್ದೆ ಅಲ್ಲ, ನೀರೇ ಬರುತ್ತಿದೆ. ಬೊಟ್ಟು ಹೋಗುವಷ್ಟು ಸಂದಿನಿಂದ ಸುಮ್ಮನೆ ಹರಿಯುತ್ತದೆ. ಮೊದಲು ತಿಳಿಯಾಗಿತ್ತು. ಎಲ್ಲರೂ ಎದ್ದೇಳುವ ಮೊದಲು ನಾನು ಆ ನೀರನ್ನು ಸ್ಟೀಲಿನ ಲೋಟದಲ್ಲಿ ಹಿಡಿದು ಇಡುತ್ತೇನೆ, ಮಧ್ಯಾಹ್ನ ಬಂದು ನೋಡುತ್ತೇನೆ. ಸೋಮವಾರ ಲೋಟದ ತಳ ಕಾಣುತ್ತಿತ್ತು. ಇವತ್ತು ತಳದಲ್ಲಿ ಬೊಟ್ಟು ದಪ್ಪ ಮಣ್ಣು ಕೂತಿದೆ. ಮಣ್ಣು ಎಲ್ಲಿಂದ ಬರುತ್ತದೆ ಅಣ್ಣಾ? ಏರಿಯ ಒಳಗಿಂದ ಬರಬೇಕಲ್ಲ. ದಿನಾ ಇಷ್ಟಿಷ್ಟು ಮಣ್ಣು ಹೊರಗೆ ಬಂದರೆ ಒಳಗೆ ಏನು ಉಳಿಯುತ್ತದೆ?

ಮೇಲೆ ಮಳೆ. ಕಾಲುವೆ ತುಂಬಿ ಹರಿಯುತ್ತಿದೆ.

ನೂರಸಾಬನಿಗೆ ಲೋಟ ತೋರಿಸಿದೆ. ಈ ಸಲ ಅವನು ಬೀಡಿ ಹಚ್ಚಲಿಲ್ಲ. "ಮ್ಯಾಲಿನವರಿಗೆ ಹೇಳೀನಿ, ಬರತಾರ" ಅಂದ. ಯಾವಾಗ ಎಂದು ಕೇಳಿದೆ. "ನಾ ಏನ್ ಅವರ ಕೈ ಹಿಡಕೊಂಡು ಬರಲೇನವ್ವ?" ಅಂದ. ಯಜಮಾನನ ಬಳಿ ಹೋಗಿ ಬೇರೆ ಜಾಗ ಕೊಡಿ ಎಂದು ಕೇಳಲು ಎರಡು ಸಲ ಅಂಗಳದ ತನಕ ಹೋಗಿ ಬಂದೆ. ಮೂರನೆಯ ಸಲ ಅವನೇ ನೋಡಿ, "ಏನಮ್ಮಾ, ಏನು ಬೇಕು?" ಅಂದ. ಹೇಳಿದೆ. "ಹತ್ತು ವರ್ಷದಿಂದ ಅಲ್ಲೇ ಮಲಗ್ತಾರಮ್ಮಾ ಎಲ್ಲರೂ. ಇನ್ನು ಸ್ವಲ್ಪ ದಿನ ಅಲ್ವಾ, ಸರ್ದುಕೊಳ್ಳಿ" ಅಂದ. ಕೆಟ್ಟ ಮನುಷ್ಯ ಅಲ್ಲ. ಹಾಗೆಯೇ ನಂಬಿದ್ದಾನೆ.

ಅಂಜಲಿಯ ತೊಟ್ಟಿಲು ಹಿಂದಿನ ಗೋಡೆಯ ಪಕ್ಕದ ತೊಲೆಗೆ ಕಟ್ಟಿತ್ತು. ಇರುವೆ ಬರುತ್ತವೆ ಎಂದು ಸುಳ್ಳು ಹೇಳಿ ಬಾಗಿಲ ಕಡೆ ಕಟ್ಟಿಸಿದೆ. ದಾನೇಶ್ವರಿ, "ಎಲ್ಲಿ ಇರಿವಿ? ನನಗ ಒಂದೂ ಕಾಣವಲ್ದು" ಅಂದಳು. ನನ್ನ ಚಾಪೆಯನ್ನು ಗೋಡೆಯ ಪಕ್ಕ ಹಾಕಿಕೊಂಡೆ.

ನಿನ್ನೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಬೇಕೆಂದು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ನೋಡಿದರು. ನೀನು ಬರೆದದ್ದು ನೆನಪಾಯಿತು. ಕೂತುಬಿಟ್ಟೆ. ಹೊಳಿಯಮ್ಮ, "ಯಾಕ, ಉಪ್ಪು ಬೇಕಾಗಿತ್ತೇನ?" ಅಂದಳು.

ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡ. ಮಹಾರಾಜರು ನಾಲ್ಕು ತಿಂಗಳು ಕೋಟೆಯಲ್ಲಿ ಕೂತರು ಎಂದು ಬರೆದಿದ್ದೀಯ. ನಾಲ್ಕು ತಿಂಗಳು ಆದ ಮೇಲೆ ಏನಾಯಿತು? ಅದನ್ನು ನೀನು ಬರೆಯಲಿಲ್ಲ. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ.

ಮಹೇಶ್ವರಿ


ಪುಣೆ
18-8-1998

ಮಹೇಶ್ವರಿ,

ಹೊರಡು. ಈ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಎಲ್ಲರನ್ನೂ ಕರೆದುಕೊಂಡು ಹೊರಡು. ತಂತಿಯನ್ನೂ ಕೊಟ್ಟಿದ್ದೇನೆ. ಅದು ಮೊದಲೇ ಸಿಕ್ಕಿ ನೀನು ಈಗಾಗಲೇ ಊರಲ್ಲಿರಲಿ, ಈ ಕಾಗದ ಗವಿಸಿದ್ದಪ್ಪನ ಅಂಗಡಿಯಲ್ಲೇ ಬಿದ್ದಿರಲಿ ಎಂದು ಬೇಡಿಕೊಳ್ಳುತ್ತಾ ಬರೆಯುತ್ತಿದ್ದೇನೆ.

ನಾಲ್ಕು ತಿಂಗಳ ಮೇಲೆ ಏನಾಯಿತು ಎಂದು ನನಗೆ ಗೊತ್ತಿರಲಿಲ್ಲ. ನಾನು ಇಲ್ಲಿ ಪಾಠಕ್ಕೆ ಕೂರುವವನಲ್ಲ. ಚಹಾ ಕೊಡುವವನು. ಹನ್ನೊಂದಕ್ಕೆ ಚಹಾ ಒಯ್ದಾಗ ಕಥೆ ಶುರುವಾಗಿರುತ್ತದೆ, ಕಪ್ಪು ತುಂಬುತ್ತಾ ಕೇಳುತ್ತೇನೆ. ಆಮೇಲೆ ಪಕ್ಕದ ಕೋಣೆಗೆ ಹೋಗಬೇಕು. ಯಾವ ಕಥೆಯ ಕೊನೆಯೂ ನನಗೆ ಗೊತ್ತಿಲ್ಲ.

ಇವತ್ತು ನಿನ್ನ ಕಾಗದ ಓದಿ, ಕಿಟಲಿ ಹಿಡಿದುಕೊಂಡೇ ಒಳಗೆ ಹೋಗಿ ಎಲ್ಲರ ಮುಂದೆ ಸಾಹೇಬರನ್ನು ಕೇಳಿದೆ. ಅಧಿಕಾರಿಗಳು ನಕ್ಕರು. ಸಾಹೇಬರು ನಗಲಿಲ್ಲ, ಹೇಳಿದರು. ಮಹಾರಾಜರು ಕೋಟೆ ಬಿಟ್ಟರು. ಶರಣಾಗುತ್ತೇನೆ ಎಂದು ಹೇಳಿ ಕಳಿಸಿ ಮುತ್ತಿಗೆಯವರು ಸಡಿಲಾದ ಹೊತ್ತಿನಲ್ಲಿ, ಜೋರು ಮಳೆಯಲ್ಲಿ, ಆರಿಸಿದ ಜನರೊಂದಿಗೆ ಹೊರಟುಹೋದರು. ಅವರಂತೆಯೇ ಕಾಣುತ್ತಿದ್ದ ಒಬ್ಬ ಕ್ಷೌರಿಕ ಇನ್ನೊಂದು ಪಲ್ಲಕ್ಕಿಯಲ್ಲಿ ಕೂತು ಬೇರೆ ದಾರಿಯಲ್ಲಿ ಹೋದ. ವೈರಿಗಳು ಅವನನ್ನು ಹಿಡಿದರು, ಕೊಂದರು. ಮಹಾರಾಜರು ಉಳಿದರು. ಕಥೆ ಇರುವುದು ಹೋದದ್ದರಲ್ಲಿ ತಂಗಿ, ಕೂತದ್ದರಲ್ಲಿ ಅಲ್ಲ. ನಾನು ನಿನ್ನನ್ನು ಕೂರಿಸಿಬಿಟ್ಟೆ.

ಚಹಾ ಚೆಲ್ಲಿದ್ದಕ್ಕೆ ಬೈಸಿಕೊಂಡೆ. ಅದು ಇರಲಿ. ಹೊರಡು.

ನಾಗೇಶ


ಮಂಗಳೂರು
22-8-1998

ಅಣ್ಣಾ,

ಎಲ್ಲರೂ ಊರಲ್ಲಿದ್ದೇವೆ. ಮೊದಲು ಅದನ್ನು ಬರೆಯುತ್ತೇನೆ, ನೀನು ಉಸಿರು ಬಿಡು. ನೀನು ಬೇರೆ ಕಾಗದ ಬರೆದಿದ್ದರೆ ಅದು ನನಗೆ ಸಿಕ್ಕಿಲ್ಲ, ತಂತಿ ಮಾತ್ರ ಸಿಕ್ಕಿತು.

ಬುಧವಾರ ಊಟಕ್ಕೆ ಮೊದಲು ಗವಿಸಿದ್ದಪ್ಪ ಬದುವಿನ ಮೇಲೆ ಓಡುತ್ತಾ ಬಂದ. ಕೈಯಲ್ಲಿ ಕಾಗದ. "ತಂತಿ ಬಂದೈತಿ! ತಂತಿ!" ಎಂದು ಕೂಗಿದ. ಸಾಲಿನಲ್ಲಿದ್ದವರ ಕೈಯಿಂದ ಸಸಿ ಕೆಳಗೆ ಬಿದ್ದವು. ನಮ್ಮ ಓಣಿಗೆ ತಂತಿ ಬರುವುದು ಯಾತಕ್ಕೆ ಎಂದು ನಿನಗೆ ಗೊತ್ತಿಲ್ಲವೇ ಅಣ್ಣಾ? ಒಡೆಯುವ ಮೊದಲೇ ಇಬ್ಬರು ಎದೆ ಬಡಿದುಕೊಂಡು ಅಳಲು ಶುರು ಮಾಡಿದರು.

ತಂತಿ ಇಂಗ್ಲಿಷಿನಲ್ಲಿತ್ತು. ಯಜಮಾನನ ಮಗ ಕಾಲೇಜು ಓದುತ್ತಾನೆ, ಅವನನ್ನು ಕರೆಸಿದರು. "ಎಲ್ಲರೂ ತಕ್ಷಣ ಹೊರಡಿ ಅಂತ ಇದೆ. ನಾಗೇಶ ಅಂತ ಹೆಸರು" ಅಂದ.

"ಯಾರು ಹೋದ್ರು, ಅದನ್ನ ಓದಪಾ" ಅಂದಳು ಹೊಳಿಯಮ್ಮ.

"ಅದು ಇಲ್ಲ."

"ಇಲ್ಲಂದ್ರ? ಸರಿಯಾಗಿ ನೋಡು!"

"ಇಷ್ಟೇ ಇರೋದು."

ಹೊಳಿಯಮ್ಮ ಕೆಸರಿನಲ್ಲೇ ಕೂತಳು. "ನಾಗ್ಯಾ ಪುಣೆದಿಂದ ಊರಿಗೆ ಬಂದಾನಂದ್ರ, ಎಲ್ಲಾರೂ ಬರ್ರಿ ಅಂದಾನಂದ್ರ, ಒಂದ ಮನ್ಯಾಗ ಅಲ್ಲ, ಓಣಿಗೇ ಏನೋ ಆಗೇತಿ" ಅಂದಳು.

ನಾನು ಆ ಹುಡುಗನ ಹತ್ತಿರ ಹೋಗಿ, ಯಾವ ಊರಿಂದ ಬಂದದ್ದು ಎಂದು ಮೆಲ್ಲಗೆ ಕೇಳಿದೆ. ಪುಣೆ ಅಂದ. ನನಗೆ ತಿಳಿಯಿತು. ನೀನು ಊರಿಗೆ ಬಂದಿಲ್ಲ, ಯಾರೂ ಸತ್ತಿಲ್ಲ, ಇದು ಲೋಟದ ಮಣ್ಣಿಗೆ ಬಂದ ಉತ್ತರ. ಬಾಯಿ ತೆರೆದರೆ ಸಾಕಿತ್ತು, ಎಲ್ಲರ ಅಳು ನಿಲ್ಲುತ್ತಿತ್ತು. ನಾನು ತೆರೆಯಲಿಲ್ಲ. ಸಾವಿನ ಸುದ್ದಿ ಎಂದುಕೊಂಡು ಯಜಮಾನ ತನ್ನದೇ ಟ್ರ್ಯಾಕ್ಟರ್ ಕೊಟ್ಟ. "ಹೋಗಿ ಬನ್ನಿ ಅಮ್ಮಾ, ಇದಕ್ಕೆ ಅಡ್ಡ ಬರಬಾರದು" ಅಂದ.

ದಾರಿ ಪೂರ್ತಿ ಅಳು. ಯಾರು ಸತ್ತಿದ್ದಾರೆ ಎಂದು ಗೊತ್ತಿಲ್ಲದ ಕಾರಣ ಒಬ್ಬೊಬ್ಬಳೂ ತನ್ನ ಮನೆಯವರನ್ನೆಲ್ಲ ಹೆಸರು ಹಿಡಿದು ಅತ್ತಳು. ದಾನೇಶ್ವರಿ, "ಕುಡುಕ ಆದ್ರೇನು, ಹಬ್ಬಕ್ಕ ಸೀರಿ ತರತಿದ್ದಾ" ಎಂದು ಗಂಡನನ್ನು ಹೊಗಳಿ ಅತ್ತಳು. ಹೊಳಿಯಮ್ಮ ಯಾವ ಸೊಸೆಯನ್ನು ದಿನಾ ಬೈಯುತ್ತಾಳೋ ಆ ಸೊಸೆಯ ಹೆಸರು ಹೇಳಿ ಅತ್ತಳು. ನಾನು ಅಂಜಲಿಯನ್ನು ಮಡಿಲಲ್ಲಿ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದೆ. ಗಂಗಾವತಿ ದಾಟುವಾಗ ಹೇಳಿಬಿಡಬೇಕೆಂದುಕೊಂಡೆ. ಆಗ ಹೇಳಿದರೆ ಟ್ರೇಲರ್ ತಿರುಗಿಸುತ್ತಾರೆ ಎನಿಸಿತು. ಕೊಪ್ಪಳ ದಾಟಿತು. ಇನ್ನೂ ಹೇಳಲಿಲ್ಲ. ಇಷ್ಟು ಜನರನ್ನು ಸುಮ್ಮನೆ ಅಳಿಸುವುದು ಎಷ್ಟು ದೊಡ್ಡ ಪಾಪ ಎಂದು ಹೆದರಿಕೆ ಆಯಿತು. ಆದರೂ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಊರು ಬಂತು. ಟ್ರೇಲರ್ ನಿಲ್ಲುವ ಮೊದಲೇ ಜಿಗಿದು ಒಬ್ಬೊಬ್ಬಳೂ ತನ್ನ ಮನೆಗೆ ಓಡಿದಳು. ಒಳಗೆ ಎಲ್ಲರೂ ಉಣ್ಣುತ್ತಾ ಕೂತಿದ್ದಾರೆ! ಹೊಳಿಯಮ್ಮ ಸೊಸೆಯನ್ನು ತಬ್ಬಿಕೊಂಡಳಂತೆ. ಸೊಸೆ ಹೆದರಿ ಕಿರುಚಿದಳಂತೆ. ಸ್ವಲ್ಪ ಹೊತ್ತು ಇಡೀ ಓಣಿಯಲ್ಲಿ ಹಬ್ಬದಂತೆ ನಗು. ಆಮೇಲೆ ಒಬ್ಬೊಬ್ಬರಾಗಿ ನಮ್ಮ ಮನೆಯ ಮುಂದೆ ಬಂದು ನಿಂತರು.

ನಾನು ಎಲ್ಲವನ್ನೂ ಹೇಳಿದೆ. ಲೋಟ, ಮಣ್ಣು, ತೊಟ್ಟಿಲು, ತಂತಿ.

"ಅಷ್ಟು ದೂರ ಅಳಿಸ್ಕೋತ ತಂದೆಲ್ಲ, ನೀ ಮನುಷ್ಯಾಳೇನ?" ಅಂದಳು ಹೊಳಿಯಮ್ಮ. "ಇದ್ದ ಗಂಡನ್ನ, ಇದ್ದ ಮಕ್ಕಳನ್ನ ಸಾಯ್ಸಿ ಅತ್ತೀವಿ ನಾವು!"

ಅವ್ವ ನನಗೆ ಒಂದು ಏಟು ಕೊಟ್ಟಳು. ಅದು ಸರಿ. ಈಗ ಓಣಿಯಲ್ಲಿ ನನ್ನ ಹೆಸರು ತಂತಿ ಮಹೇಶಿ. ನೀರಿಗೆ ಬಾವಿಯ ಹತ್ತಿರ ಹೋದರೆ ಮಾತು ನಿಲ್ಲುತ್ತದೆ.

ಬಾಲಪ್ಪ ಬಂದಿದ್ದ. ಉಳಿದ ಗದ್ದೆಯ ಸಸಿ ಬಲಿಯುತ್ತಿದೆ, ಈ ವಾರ ಹಚ್ಚದಿದ್ದರೆ ಹಾಳು. ಏರಿ ಗಟ್ಟಿಯಾಗಿ ನಿಂತಿದೆ, ಏನೂ ಆಗಿಲ್ಲವಂತೆ. ಸೋಮವಾರ ಎಲ್ಲರೂ ಮತ್ತೆ ಹೋಗುತ್ತಾರೆ. ಹೊಳಿಯಮ್ಮ ಮುಂದಾಳು. ಅದೇ ಶೆಡ್ಡು. ಕೂಸೂ ಹೋಗುತ್ತದೆ. ನನ್ನನ್ನು ಯಾರೂ ಕರೆದಿಲ್ಲ.

ಏನು ಮಾಡಲಿ ಎಂದು ಈ ಸಲ ನಿನ್ನನ್ನು ಕೇಳುತ್ತಿಲ್ಲ. ಉತ್ತರ ಬರುವಷ್ಟರಲ್ಲಿ ಸೋಮವಾರ ದಾಟಿರುತ್ತದೆ.

ಮಹೇಶ್ವರಿ


ಪುಣೆ
24-8-1998

ಮಹೇಶ್ವರಿ,

ಈ ಕಾರ್ಡನ್ನು ಊರಿಗೇ ಹಾಕುತ್ತಿದ್ದೇನೆ. ತಂತಿ ಕೊಟ್ಟು ಆರು ದಿನವಾಯಿತು, ಏನೂ ಸುದ್ದಿ ಇಲ್ಲ. ಪೇಪರು ಬಂದ ಕೂಡಲೇ ಅಧಿಕಾರಿಗಳಿಗಿಂತ ಮೊದಲು ನಾನು ತೆರೆಯುತ್ತೇನೆ. ಮರಾಠಿಯಲ್ಲಿ ಕಾಲುವೆ ಎಂಬ ಪದ ಕಂಡರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಹೊಸ ಕಥೆಗಳನ್ನೇನೂ ಬರೆಯುವುದಿಲ್ಲ. ಬದುಕಿದ್ದೇವೆ ಎಂದು ಒಂದು ಗೆರೆ ಬರಿ. ಅವ್ವನ ಕೈಯಿಂದಾದರೂ ಹೆಬ್ಬೆಟ್ಟು ಒತ್ತಿಸಿ ಕಳಿಸು.

ನಾಗೇಶ


ಕಾರಟಗಿ
30-8-1998

ಅಣ್ಣಾ,

ಬದುಕಿದ್ದೇವೆ. ಎಲ್ಲರೂ.

ಸೋಮವಾರ ಬೆಳಗ್ಗೆ ಟ್ರೇಲರ್ ಹೊರಡುವಾಗ ನಾನು ಚಾಪೆ ಸುತ್ತಿಕೊಂಡು ಹೋಗಿ ಹತ್ತಿದೆ. ಯಾರೂ ಜಾಗ ಬಿಡಲಿಲ್ಲ, ಇಳಿ ಎಂದೂ ಅನ್ನಲಿಲ್ಲ. ಹಲಗೆಯ ಮೇಲೆ ನಿಂತೇ ಬಂದೆ. ಏನು ಮಾಡಬೇಕೆಂದು ದಾರಿಯಲ್ಲಿ ನನಗೆ ಏನೂ ಹೊಳೆದಿರಲಿಲ್ಲ. ಕಾರಟಗಿಯಲ್ಲಿ ರೈಸ್ ಮಿಲ್ಲಿನ ಮುಂದೆ ಬಂದಾಗ, "ನಿಲ್ಲಸ್ರಿ!" ಎಂದು ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಡ್ರೈವರ್ ಬ್ರೇಕ್ ಹಾಕಿದ. ದಾನೇಶ್ವರಿಯ ಮಡಿಲಿನಿಂದ ಅಂಜಲಿಯನ್ನು ಎತ್ತಿಕೊಂಡು ಇಳಿದು, ಮಿಲ್ಲಿನ ಪಡಸಾಲೆಯಲ್ಲಿ ಹೋಗಿ ಕೂತೆ.

"ಕೂಸು ಇಲ್ಲೇ ಮಲಗತೈತಿ" ಅಂದೆ. "ಆ ಶೆಡ್ಡಿನಾಗ ಮಲಗಬೇಕಂದಾಕಿ ಹೋಗ್ರಿ."

"ಹುಚ್ಚು ಹಿಡೀತೇನ ಇಕಿಗೆ!" ಎಂದು ಕೂಗಿದಳು ಹೊಳಿಯಮ್ಮ. ದಾನೇಶ್ವರಿ ಕೂಸಿಗಾಗಿ ಇಳಿದಳು. ಅವಳ ಹಿಂದೆ ಅವಳ ಅಕ್ಕ. ಆಮೇಲೆ ಇನ್ನೊಬ್ಬಳು. ಮಿಲ್ಲು ಕಾಯುವ ಹಾಜಿಸಾಬ ಕೋಲು ಹಿಡಿದು ಬಂದು, "ಇದೇನ್ ಛತ್ರ ಅಂತ ಮಾಡೀರೇನ್ರವ್ವ?" ಎಂದು ಗದರಿದ. ನಾನು ಲೋಟದ ಮಣ್ಣಿನ ಸಂಗತಿ ಹೇಳಿದೆ. ಅವನು ಕೂಸನ್ನು ನೋಡಿದ. "ಮಾಲಕರು ಬರೂದರಾಗ ಬೆಳಿಗ್ಗೆ ಕಸ ಹೊಡದು ಹೋಗಬೇಕು" ಅಂದ. ಕೊನೆಗೆ ಟ್ರೇಲರ್‌ನಲ್ಲಿ ಹೊಳಿಯಮ್ಮ ಒಬ್ಬಳೇ ಉಳಿದಳು. ಒಬ್ಬಳೇ ಯಾರ ಜೊತೆ ಮಾತಾಡುತ್ತಾಳೆ? ಬೈಯುತ್ತಾ ಇಳಿದಳು.

ಇಲ್ಲಿಂದ ಗದ್ದೆಗೆ ಬಹಳ ದೂರ. ದಿನಾ ಕತ್ತಲೆ ಹರಿಯುವ ಮೊದಲೇ ನಡೆದು ಹೋಗಬೇಕು, ಸಂಜೆ ನಡೆದು ಬರಬೇಕು. ಹೊಳಿಯಮ್ಮ ದಾರಿಯುದ್ದಕ್ಕೂ ನನ್ನನ್ನು ಬೈದಳು. "ಒಡೀತೇನ ನಿನ್ನ ಕೆನಾಲು? ಇವತ್ತರ ಒಡೀತದೋ, ನಾಳಿ ನೋಡೂನೋ?" ಎಂದು ದಿನಾ ಕೇಳಿದಳು. ಏರಿ ಹಾಗೆಯೇ ನಿಂತಿತ್ತು. ಶೆಡ್ಡಿಗೆ ಬೀಗ ಇತ್ತು. ನನಗೂ, ನಾನು ಸುಮ್ಮನೆ ಹೆದರಿದೆನೇನೋ, ಇಷ್ಟು ಮಂದಿಯ ಕಾಲು ಸವೆಸಿದೆನೇನೋ ಎನಿಸಿತು. ಹಾಗಾಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ನನ್ನ ಹೆದರಿಕೆ ಸುಳ್ಳಾಗಲಿ, ಎಲ್ಲರೂ ನಗಲಿ.

ಗವಿಸಿದ್ದಪ್ಪನ ಅಂಗಡಿಯಲ್ಲಿ ನೀನು ಹದಿನೆಂಟಕ್ಕೆ ಬರೆದ ಕಾಗದ ಇತ್ತು. ಓದಿದೆ. ಚಹಾದ ವಿಷಯ ಅವ್ವನಿಗೆ ನಾನು ಹೇಳುವುದಿಲ್ಲ. ಹೇಳಿದರೂ ಅವಳು ಸಿಟ್ಟಾಗುವುದಿಲ್ಲ, ಬಿಸಿಲಿಲ್ಲದ ಕೆಲಸ ಅನ್ನುತ್ತಾಳೆ. ಸಾಹೇಬರನ್ನು ಇನ್ನೊಂದು ಮಾತು ಕೇಳುವುದಾದರೆ ಕೇಳು. ಪಲ್ಲಕ್ಕಿಯಲ್ಲಿ ಕೂತು ಹೋದ ಆ ಕ್ಷೌರಿಕನ ಮನೆಗೆ ಸುದ್ದಿ ಹೇಳಲು ಯಾರು ಹೋದರು?

ನಿನ್ನೆ ಕೊನೆಯ ಗದ್ದೆ. ಮಧ್ಯಾಹ್ನ, ಮಳೆ ಇರಲಿಲ್ಲ, ಬಿಸಿಲು ಬಿದ್ದಿತ್ತು. ಸಾಲು ಹಿಡಿದು ಹಚ್ಚುತ್ತಿದ್ದೆವು. ಧಡ್ ಎಂದು ಸದ್ದಾಯಿತು, ಆಮೇಲೆ ತಗಡು ಬಿದ್ದ ಸದ್ದು. ತಲೆ ಎತ್ತಿದರೆ ಶೆಡ್ಡಿನ ಹಿಂದಿನ ಗೋಡೆ ಪೂರ್ತಿ ಒಳಗೆ ಮಲಗಿತ್ತು. ಕಾಲುವೆ ಒಡೆಯಲಿಲ್ಲ ಅಣ್ಣಾ. ಏರಿ ಇನ್ನೂ ಇದೆ. ನೂರಸಾಬ ಓಡಿ ಬಂದ, ತೂಬು ಇಳಿಸಲು ಮೇಲಕ್ಕೆ ಓಡಿದ. ಬಿದ್ದದ್ದು ಗೋಡೆ ಮಾತ್ರ. ಕಲ್ಲು, ಮಣ್ಣು, ತಗಡು ಎಲ್ಲ ನಾವು ಸಾಲಾಗಿ ಮಲಗುತ್ತಿದ್ದ ಜಾಗದಲ್ಲಿ.

ಆದರೆ ಸದ್ದಾದ ಕೂಡಲೇ ಬೇರೆ ಯಾರೂ ಶೆಡ್ಡಿನ ಕಡೆ ನೋಡಿರಲಿಲ್ಲ. ಎಲ್ಲರೂ ಒಮ್ಮೆಲೇ ಬೇವಿನ ಗಿಡದ ಕಡೆ ತಿರುಗಿದ್ದರು. ಅಲ್ಲಿ ಸೀರೆಯ ತೊಟ್ಟಿಲಲ್ಲಿ ಅಂಜಲಿ ಎದ್ದು ಅಳುತ್ತಿದ್ದಳು. ದಾನೇಶ್ವರಿ ಕೆಸರು ಕಾಲಲ್ಲೇ ಓಡಿದಳು.

ಎಲ್ಲ ಮುಗಿದ ಮೇಲೆ ನನಗೆ ನಿಜವಾದ ಹೆದರಿಕೆ ಬಂತು. ನೆಟ್ಟ ಸಸಿಯೆಲ್ಲ ಅಡ್ಡ ಬೀಳುತ್ತಿತ್ತು. ಕೆಸರಿನಲ್ಲೇ ಕೂತುಬಿಟ್ಟೆ.

ಹೊಳಿಯಮ್ಮ ಬಹಳ ಹೊತ್ತು ಸೊಂಟದ ಮೇಲೆ ಕೈ ಇಟ್ಟುಕೊಂಡು ಆ ಗೋಡೆಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಸಸಿಯ ಕಟ್ಟು ಕಿತ್ತುಕೊಂಡಳು. "ಸರಿ ಅತ್ಲಾಗ" ಅಂದಳು. ನನ್ನ ಸಾಲನ್ನೂ ತನ್ನ ಸಾಲಿಗೆ ಸೇರಿಸಿಕೊಂಡು, ಎರಡೂ ಕೈಯಿಂದ ಹಚ್ಚುತ್ತಾ, ಬಗ್ಗಿದ ತಲೆ ಎತ್ತದೆ ಹಿಂದೆ ಹಿಂದೆ ಹೋದಳು.

ಮಹೇಶ್ವರಿ